ತಡವಾಗಿ ಬಂದ ತಾಯಿ

ಮಗುವಿನ ಮೇಲೆ ಮನೆಯ ಗಂಡಸೇ ಅತ್ಯಾಚಾರವೆಸಗಿದನೆಂಬ ವಾರ್ತೆ ಹೊರಬಿದ್ದೊಡನೆ, ಆತನು ತಂದೆಯಾಗಿರಲಿ, ಮಲತಂದೆಯಾಗಿರಲಿ, ತಾಯಿಯೊಡನೆ ವಾಸವಾಗಿರುವ ಸಂಗಾತಿಯಾಗಿರಲಿ, ನೆರೆಹೊರೆಯವರ ಬಾಯಿಂದ ಹೊರಡುವ ಮೊದಲ ಪ್ರಶ್ನೆಯು ಅವನನ್ನು ಕುರಿತದ್ದಾಗಿರುವುದಿಲ್ಲ, “ಹೆತ್ತವಳಿಗೆ ಗೊತ್ತಿರಲಿಲ್ಲವೆ?” ಎಂಬುದೇ ಆಗಿರುತ್ತದೆ. ಈ ಪ್ರಶ್ನೆಯನ್ನು ನಮ್ಮ ಶಾಸನವೂ ಕೇಳುತ್ತದೆ, ಕೇಳತಕ್ಕದ್ದೂ ಹೌದು.

2012ರ ಪೋಕ್ಸೊ ಕಾಯಿದೆಯ 19ನೆಯ ಕಲಮಿನಂತೆ, ಮಗುವಿನ ಮೇಲೆ ಲೈಂಗಿಕ ಅಪರಾಧವು ನಡೆದಿದೆಯೆಂದು ಅರಿತವರು ಮಾತ್ರವಲ್ಲ, ನಡೆದೀತೆಂಬ ಶಂಕೆಯುಳ್ಳವರೂ ಪೊಲೀಸರಿಗೆ ತಿಳಿಸಲು ಬದ್ಧರು. ತಿಳಿಸದವರಿಗೆ 21ನೆಯ ಕಲಮಿನಲ್ಲಿ ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೆ ಜುಲ್ಮಾನೆ, ಇಲ್ಲವೆ ಎರಡೂ. ಈ ಶಿಕ್ಷೆಯಿಂದ ವಿನಾಯಿತಿ ದೊರೆತಿರುವುದು ಮಕ್ಕಳಿಗೆ ಮಾತ್ರ, ಹೆತ್ತವರಿಗಲ್ಲ. ಇನ್ನುಳಿದ ಕ್ರೌರ್ಯಕ್ಕೆ 2015ರ ಬಾಲನ್ಯಾಯ ಕಾಯಿದೆಯ 75ನೆಯ ಕಲಮುಂಟು: ಮಗು ಯಾರ ವಶದಲ್ಲಿದೆಯೋ ಅವರು ಬುದ್ಧಿಪೂರ್ವಕವಾಗಿ ಅದನ್ನು ಅಲಕ್ಷಿಸಿ ಯಾತನೆಗೆ ಒಡ್ಡಿದರೂ ಮೂರು ವರ್ಷಗಳವರೆಗೆ ಸೆರೆ.

ಕಣ್ಣಾರೆ ಕಂಡು ಕೃತ್ಯಕ್ಕೆ ಅನುವು ಮಾಡಿಕೊಟ್ಟವಳ ಪರವಾಗಿ ನಾನು ಒಂದಕ್ಷರವನ್ನೂ ಬರೆಯಲಾರೆ. ದುಷ್ಪ್ರೇರಣೆಯ ಕಲಮುಗಳು ಅವಳಿಗೆ ಸಲ್ಲತಕ್ಕವೇ. ನನ್ನ ಚಿಂತೆ ಬೇರೊಬ್ಬಳನ್ನು ಕುರಿತದ್ದು. ಅದೇ ಗಂಡಸಿನ ಏಟುಗಳನ್ನು ತಾನೂ ತಿನ್ನುತ್ತ, ಮನೆಬಾಡಿಗೆಗೂ ಅಕ್ಕಿಬೇಳೆಗೂ ಅವನ ಸಂಪಾದನೆಯನ್ನೇ ನಂಬಿ, ತವರಿನ ಬಾಗಿಲೂ ಮುಚ್ಚಿದೆಯೆಂದು ತಿಳಿದು ತಿಂಗಳುಗಟ್ಟಲೆ ತುಟಿ ಬಿಗಿದಿದ್ದು, ಕಡೆಗೊಂದು ದಿನ ಮಗುವಿನ ಕೈಹಿಡಿದು ಠಾಣೆಯ ಮೆಟ್ಟಿಲೇರುವ ಆ ಹೆಂಗಸು, ಬಾಯಿಬಿಟ್ಟ ಕ್ಷಣದಲ್ಲೇ ತನ್ನ ವಿರುದ್ಧದ ಸಾಕ್ಷ್ಯವನ್ನೂ ತಾನೇ ಒದಗಿಸಿದಂತಾಗುತ್ತದೆ. ಇಷ್ಟು ದಿನ ಏಕೆ ಸುಮ್ಮನಿದ್ದೆಯೆಂಬ ಒಂದೇ ಪ್ರಶ್ನೆಯಿಂದ ಮಗುವಿನ ಮಾತನ್ನು ಸುಳ್ಳೆನ್ನಲೂ ಬಹುದು, ತಾಯಿಯನ್ನು ಅಪರಾಧಿಯೆನ್ನಲೂ ಬಹುದು. ಆರೋಪಿಯ ವಕೀಲನಿಗೆ ಇದಕ್ಕಿಂತ ಸುಲಭವಾದ ಅಸ್ತ್ರ ಬೇರಿಲ್ಲ. ಹೀಗಾಗಿ, ಮಾತನಾಡಿಸಲೆಂದು ಹುಟ್ಟಿದ ಕಲಮು ಒಮ್ಮೆ ಸುಮ್ಮನಿದ್ದವಳನ್ನು ಮತ್ತೂ ಸುಮ್ಮನಿರಿಸುತ್ತದೆ.

ಅಮೆರಿಕದ ಒಕ್ಲಹೋಮಾದಲ್ಲಿ ಈ ನ್ಯಾಯವು ಯಾವ ವಿಪರೀತಕ್ಕೆ ಹೋಯಿತೆಂಬುದನ್ನು ನೋಡಬಹುದು. 2006ರಲ್ಲಿ, ಮಕ್ಕಳ ಎಲುಬು ಮುರಿದ ಗಂಡಸು ಎರಡು ವರ್ಷ ಸೆರೆಯಲ್ಲಿದ್ದುದೇ ಸಾಕೆಂದು ಹೊರಬಂದನು. ಅವನಿಂದ ತಾನೂ ಪೀಡಿತಳಾಗಿದ್ದ ತಾಯಿಗೆ, ಮಕ್ಕಳನ್ನು ಕಾಪಾಡಲಿಲ್ಲವೆಂಬ ಕಾರಣಕ್ಕೆ, 30 ವರ್ಷ! ಅವಳು ಬಿಡುಗಡೆಯಾದದ್ದು 2019ರಲ್ಲಿ. ಮಗುವಿನ ಮರಣಕ್ಕೆ ಎಡೆಗೊಟ್ಟ ಮನೆಯವರನ್ನೂ ಹೊಣೆಮಾಡುವ ಬ್ರಿಟನ್ನಿನ 2004ರ ಶಾಸನವಾದರೋ ಕಠಿಣವಾಗಿದ್ದೂ ಒಂದು ವಿವೇಕವನ್ನುಳಿಸಿಕೊಂಡಿತು: ಆ ವ್ಯಕ್ತಿಯಿಂದ ಯುಕ್ತವಾಗಿ ನಿರೀಕ್ಷಿಸಬಹುದಾಗಿದ್ದ ಕ್ರಮಗಳನ್ನು ಆತನು ಕೈಗೊಂಡನೆ ಎಂಬುದನ್ನು ನ್ಯಾಯಾಲಯವು ವಿಚಾರಿಸಲೇಬೇಕು. ನಮ್ಮ 21ನೆಯ ಕಲಮಿನಲ್ಲಿ ಇಂಥ ಮಾತೊಂದಿಲ್ಲ. ಅದನ್ನು ಸೇರಿಸಬೇಕು, ತಾನಾಗಿಯೇ ದೂರು ತಂದ ತಾಯಿಯ ಮೇಲೆ, ವಿಳಂಬವೊಂದನ್ನೇ ಹಿಡಿದು, ಮೊಕದ್ದಮೆ ಹೂಡಬಾರದೆಂದೂ ಬರೆಯಬೇಕು.

ತಿದ್ದುಪಡಿಯು ಸಂಸತ್ತಿನ ಕೆಲಸ, ನಿಧಾನವಾದೀತು. ಆದರೆ ಜಾಮೀನು ಪಡೆದವನು ಅದೇ ಮನೆಗೆ ಮರಳಿ ಬರುವುದನ್ನು ತಡೆಯಲು ಅಷ್ಟು ಕಾಯಬೇಕಾಗಿಲ್ಲ. ಹೆಂಗಸನ್ನೂ ಮಗುವನ್ನೂ ಬೀದಿಗೆ ತಳ್ಳದೆ ಅವನನ್ನೇ ಹೊರಗೆ ಕಳುಹಿಸುವ ಆಜ್ಞೆಗೆ 2005ರ ಕೌಟುಂಬಿಕ ಹಿಂಸೆಯ ಕಾಯಿದೆಯಲ್ಲಿ ಈಗಾಗಲೇ ಅವಕಾಶವಿದೆ. ಪೋಕ್ಸೊ ದೂರು ದಾಖಲಾದ ದಿನವೇ, ತಾಯಿ ಒಪ್ಪಿದಲ್ಲಿ, ಕೌಟುಂಬಿಕ ಹಿಂಸೆಯ ಕಾಯಿದೆಯ ಸಂರಕ್ಷಣಾಧಿಕಾರಿಯು ಆ ಆಜ್ಞೆಗಾಗಿ ಅರ್ಜಿಯನ್ನೂ ಸಿದ್ಧಪಡಿಸತಕ್ಕದ್ದೆಂದು ರಾಜ್ಯ ಸರ್ಕಾರವು ಒಂದು ಸುತ್ತೋಲೆ ಹೊರಡಿಸಬಹುದು.