ಬೈಕಿಗೂ ಒಂದು ಗೂಟ

ಬೆಳಗಿನ ಆರೂವರೆಗೆ ಗೇಟಿನಾಚೆ ನಿಂತಿದ್ದ ಹುಡುಗನ ಕೈಯಲ್ಲಿ ಕೀ ಇತ್ತು, ಗಾಡಿ ಇರಲಿಲ್ಲ. ‘ಗಾಡಿ ಕಾಣವಲ್ದ್ರೀ ಸರ್’ ಅಂದ. ನಮ್ಮ ಮಹಡಿ ಮೇಲಿನ ಒಂಟಿ ರೂಮಿನಲ್ಲಿ ಬಾಡಿಗೆಗಿರುವವನು, ಹಾವೇರಿ ಕಡೆಯವನು. ಬೆಂಗಳೂರಿನಲ್ಲಿ ಮನೆಮನೆಗೆ ಊಟ ತಲುಪಿಸಿ ಬದುಕುತ್ತಾನೆ. ಹಿಂದಿನ ರಾತ್ರಿ ಹನ್ನೆರಡಕ್ಕೆ ಬಂದು, ಗಾಡಿಯನ್ನು ಕಾಂಪೌಂಡ್ ಗೋಡೆಗೆ ಒತ್ತಿ ನಿಲ್ಲಿಸಿ, ಹ್ಯಾಂಡಲ್ ಲಾಕ್ ಹಾಕಿ, ಒಂದು ಸಲ ಅಲುಗಾಡಿಸಿ ನೋಡಿ ಮೇಲೆ ಹೋಗಿದ್ದ. ಅವನು ಮಾಡಬೇಕಾದ್ದನ್ನು ಮಾಡಿದ್ದ. ಮಾಡದೇ ಇದ್ದವನು ನಾನು. ನನ್ನ ಕಾರು ಗೇಟಿನ ಒಳಗಿತ್ತು. ಗೇಟಿಗೆ ಹತ್ತು ಗಂಟೆಗೇ ಬೀಗ ಬಿದ್ದಿತ್ತು. ಕಾರಿನ ಪಕ್ಕ ಒಂದು ಬೈಕ್ ನಿಲ್ಲುವಷ್ಟು ಜಾಗವೂ ಇತ್ತು. ಅಲ್ಲಿ ಹೂಕುಂಡಗಳನ್ನೂ ಕೆಟ್ಟುಹೋದ ವಾಷಿಂಗ್ ಮಷೀನನ್ನೂ ಇಟ್ಟುಕೊಂಡಿದ್ದೆ.

ಎದುರು ಮನೆಯ ಕ್ಯಾಮೆರಾದಲ್ಲಿ ಎಲ್ಲವೂ ದಾಖಲಾಗಿತ್ತು. ಬೆಳಗಿನ ಜಾವ ಮೂರು ಗಂಟೆ ದಾಟಿದ ಹೊತ್ತು, ಒಂದು ಗಾಡಿಯಲ್ಲಿ ಇಬ್ಬರು. ಒಬ್ಬ ಇಳಿದು ಹುಡುಗನ ಬೈಕ್ ಮೇಲೆ ಕೂತ, ಹ್ಯಾಂಡಲಿನ ಒಂದು ತುದಿ ಹಿಡಿದು ಇನ್ನೊಂದು ತುದಿಗೆ ಕಾಲು ಕೊಟ್ಟು ಬಲವಾಗಿ ಒದ್ದ. ಅಷ್ಟೇ. ಎಂಜಿನ್ ಚಾಲೂ ಮಾಡುವ ಗೋಜಿಗೂ ಹೋಗಲಿಲ್ಲ. ಇನ್ನೊಬ್ಬ ತನ್ನ ಗಾಡಿಯ ಮೇಲೆ ಕೂತೇ ಹಿಂದಿನಿಂದ ಕಾಲಲ್ಲಿ ತಳ್ಳಿಕೊಂಡು ಹೋದ. ಒಂದು ನಿಮಿಷವೂ ಹಿಡಿಯಲಿಲ್ಲ. ಇಬ್ಬರಿಗೂ ಹೆಲ್ಮೆಟ್ ಇತ್ತು, ಮುಖ ಕಾಣಲಿಲ್ಲ. ಕ್ಯಾಮೆರಾ ಇದ್ದರೆ ಸಾಕು ಅಂದುಕೊಂಡವರು ಇದನ್ನು ಗಮನಿಸಬೇಕು: ಅದು ನೋಡುತ್ತದೆ, ತಡೆಯುವುದಿಲ್ಲ. ಹಳೆಯ ದೃಶ್ಯದ ಮೇಲೆ ಹೊಸದನ್ನು ತಾನೇ ಬರೆದುಕೊಳ್ಳುತ್ತಾ ಹೋಗುವುದರಿಂದ, ಬೇಕಾದ ತುಣುಕನ್ನು ಅವತ್ತೇ ತೆಗೆದಿಟ್ಟುಕೊಳ್ಳಬೇಕು.

ಹ್ಯಾಂಡಲ್ ಲಾಕ್ ಮೇಲೆ ನಾವು ಇಟ್ಟಿರುವ ನಂಬಿಕೆ ಅದರ ಯೋಗ್ಯತೆಗೆ ಮೀರಿದ್ದು. ಒಳಗೆ ಇರುವುದು ಒಂದು ಸಣ್ಣ ಲೋಹದ ಮೊಳೆ. ಕೀ ತಿರುಗಿಸಿದಾಗ ಅದು ಮುಂದೆ ಚಾಚಿ ಒಂದು ಗುಳಿಯಲ್ಲಿ ಕೂರುತ್ತದೆ. ಹ್ಯಾಂಡಲ್ ಉದ್ದವಾಗಿರುವುದರಿಂದ ಅದೇ ಕಳ್ಳನಿಗೆ ಹಾರೆಯಾಗುತ್ತದೆ. ತುದಿಗೆ ಬಿದ್ದ ಒದೆ ಮೊಳೆಯ ಮೇಲೆ ಹತ್ತುಪಟ್ಟಾಗಿ ಎರಗುತ್ತದೆ. ಹಳೆಯ ಗಾಡಿಗಳದ್ದು ಇನ್ನೂ ಕಷ್ಟ. ವರ್ಷಗಟ್ಟಲೆ ತಿರುಗಿಸಿ ಲಾಕು ಸವೆದಿದ್ದರೆ ಯಾವುದೋ ಕೀ ಹಾಕಿದರೂ ತಿರುಗೀತು. ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡವರು ಮೊದಲು ಲಾಕ್ ಸೆಟ್ ಬದಲಾಯಿಸಬೇಕು. ಆ ಗಾಡಿಯ ಇನ್ನೊಂದು ಕೀ ಯಾರ ಮನೆಯ ಮೊಳೆಗೆ ನೇತಾಡುತ್ತಿದೆಯೋ ಯಾರಿಗೆ ಗೊತ್ತು?

ಅವತ್ತು ಇಡೀ ದಿನ ನನಗೆ ನೆನಪಾದದ್ದು ಅಜ್ಜನ ಮನೆ. ತುಮಕೂರು ಸೀಮೆಯ ಮಣ್ಣಿನ ಮನೆ. ತಲೆಬಾಗಿಲು ದಾಟಿದರೆ ಮೊದಲ ಅಂಕಣವೇ ದನಗಳದ್ದು. ಜನ ಮಲಗುವ ಜಾಗ ಅದರಾಚೆ. ರಾತ್ರಿ ಎತ್ತುಗಳಿಗೆ ಮೇವು ಹಾಕಿ, ಕಣ್ಣಿಯ ಗಂಟನ್ನು ಕೈಯಿಂದ ತಡವಿ ನೋಡಿ, ಗೂಟ ಅಲುಗಾಡುತ್ತದೆಯೇ ಎಂದು ಕಾಲಿನಿಂದ ಒತ್ತಿ, ಆಮೇಲೆ ಅಜ್ಜ ಬಾಗಿಲಿನ ಅಗುಳಿ ಹಾಕುತ್ತಿದ್ದ. ಎತ್ತು ಹೋದರೆ ಆ ವರ್ಷದ ಉಳುಮೆಯೇ ಹೋದಂತೆ. ಹಾಗಾಗಿ ದುಡಿಯುವ ಜೀವಕ್ಕೆ ಮನೆಯೊಳಗೇ ಜಾಗ. ಅದು ಪಕ್ಕಕ್ಕೆ ಸರಿಸಿಕೊಟ್ಟ ಜಾಗವಲ್ಲ, ಮನೆ ಕಟ್ಟುವಾಗಲೇ ಅಳೆದು ಇಟ್ಟದ್ದು. ನನ್ನ ಬಾಡಿಗೆದಾರನ ಎತ್ತು ಅವನ ಬೈಕು. ಅದನ್ನು ನಾನು ಬೀದಿಯಲ್ಲಿ ಬಿಟ್ಟಿದ್ದೆ, ಕಟ್ಟಲು ಒಂದು ಗೂಟವೂ ಇಲ್ಲದ ಕಡೆ.

ಗೂಟದ ಮಾತು ಬರಿಯ ಹೋಲಿಕೆಯಲ್ಲ. ಬೈಕ್ ಕಳವಿನ ತಂತ್ರವೆಲ್ಲ ನಿಂತಿರುವುದು ಒಂದೇ ಸಂಗತಿಯ ಮೇಲೆ: ಬೈಕು ತಳ್ಳಿದರೆ ಹೋಗುತ್ತದೆ, ಇಬ್ಬರು ಎತ್ತಿದರೆ ಗೂಡ್ಸ್ ಆಟೊ ಏರುತ್ತದೆ. ಡಿಸ್ಕ್ ಲಾಕ್ ಹಾಕಿದರೆ ಚಕ್ರ ಉರುಳದು, ಆದರೆ ಎತ್ತುವುದನ್ನು ಅದು ತಡೆಯದು. ತೆಳು ತಂತಿ ಹೆಣೆದ ಕೇಬಲ್ ಲಾಕ್ ಒಳ್ಳೆಯ ಕಟರಿನ ಎದುರು ಕ್ಷಣಕಾಲದ ಮಾತು. ನೆಲಕ್ಕೋ ಗೋಡೆಗೋ ಕಚ್ಚಿಕೊಂಡ ವಸ್ತುವಿಗೆ ಬೈಕನ್ನು ಕಟ್ಟಿದಾಗ ಮಾತ್ರ ಆಟ ಬದಲಾಗುತ್ತದೆ.

ಆ ವಾರವೇ ಮೇಸ್ತ್ರಿಯನ್ನು ಕರೆಸಿದೆ. ಪೋರ್ಟಿಕೊ ನೆಲದಲ್ಲಿ ಒಂದು ಕಬ್ಬಿಣದ ಕೊಂಡಿ ಹೂಳಬೇಕು ಅಂದಾಗ, ‘ಹಸು ತರ್ತೀರಾ ಸಾರ್?’ ಎಂದು ಕೇಳಿದರು. ವಿಷಯ ಹೇಳಿದೆ. ಅವರು ತಲೆಯಾಡಿಸಿ ತಮ್ಮ ಪದ್ಧತಿ ಹೇಳಿದರು: ಅವರದು ಶೀಟಿನ ಮನೆ, ಅಂಗಳವಿಲ್ಲ. ಗಾಡಿಯ ಹಿಂದಿನ ಚಕ್ರದಿಂದ ಸರಪಳಿ ತಂದು ಕಿಟಕಿಯ ಕಂಬಿಯೊಳಗೆ ತೂರಿಸಿ, ಬೀಗವನ್ನು ಮನೆಯ ಒಳಗೇ ಹಾಕುತ್ತಾರೆ. ಕಿಟಕಿಯ ಕೆಳಗೇ ಹಾಸಿಗೆ. ಸರಪಳಿ ಅಲುಗಾಡಿದರೆ ತಲೆದಿಂಬಿಗೇ ಗೊತ್ತಾಗುತ್ತದೆ. ಇದಕ್ಕಿಂತ ಒಳ್ಳೆಯ ಅಲಾರಂ ನಾನು ಕೇಳಿಲ್ಲ.

16 ಎಂ.ಎಂ. ಸರಳನ್ನು ‘ಯು’ ಆಕಾರಕ್ಕೆ ಬಗ್ಗಿಸಿ, ತುದಿಗಳೆರಡನ್ನೂ ಹೊರಕ್ಕೆ ತಿರುಚಿ, ಒಂದು ಅಡಿ ಆಳದ ಗುಂಡಿಯಲ್ಲಿ ಕಾಂಕ್ರೀಟ್ ಹಾಕಿ ಹೂತರು. ತುದಿ ತಿರುಚುವುದು ಮುಖ್ಯ. ನೆಟ್ಟಗೆ ಬಿಟ್ಟರೆ ಹಾರೆ ಹಾಕಿ ಮೀಟಿದಾಗ ಮೇಲೆ ಬಂದುಬಿಡುತ್ತದೆ. ಅಗೆಯುವ ಮುಂಚೆ ಸಂಪು, ನೀರಿನ ಪೈಪು ಎಲ್ಲಿದೆ ನೋಡಿಕೊಳ್ಳಬೇಕು. ನಮ್ಮೂರಿನ ಪೋರ್ಟಿಕೊಗಳ ಅಡಿಯಲ್ಲಿ ಎಷ್ಟೋ ಕಡೆ ಸಂಪೇ ಇರುತ್ತದೆ. ಒಂದು ಮಧ್ಯಾಹ್ನದ ಕೆಲಸ. ಸಿಮೆಂಟು ಗಟ್ಟಿಯಾಗುವ ತನಕ ಒಂದು ವಾರ ಕಾದೆವು.

ಸರಪಳಿಯನ್ನು ಹೇಗೆ ಹಾಕುತ್ತೇವೆ ಅನ್ನುವುದರಲ್ಲೂ ಅರ್ಧ ಬಲ ಇದೆ. ಮುಂದಿನ ಚಕ್ರಕ್ಕೆ ಹಾಕಿದರೆ ಆಕ್ಸಲ್ ನಟ್ ಬಿಚ್ಚಿ ಚಕ್ರವನ್ನೇ ಅಲ್ಲಿ ಬಿಟ್ಟು ಉಳಿದದ್ದನ್ನು ಒಯ್ಯಬಹುದು. ಹಿಂದಿನ ಚಕ್ರದ ನಡುವೆ ತೂರಿಸಿ ಚಾಸಿಯನ್ನೂ ಬಳಸಿಕೊಂಡು ಬರಬೇಕು. ಸರಪಳಿ ನೆಲಕ್ಕೆ ತಾಗಬಾರದು: ತಾಗಿದರೆ ಕಟರಿನ ಒಂದು ಹಿಡಿಯನ್ನು ನೆಲಕ್ಕೆ ಊರಿ, ಇನ್ನೊಂದರ ಮೇಲೆ ಮೈಭಾರ ಬಿಟ್ಟು ಕತ್ತರಿಸುತ್ತಾರೆ. ಬಿಗಿಯಾಗಿ, ಎತ್ತರದಲ್ಲಿ ಇದ್ದರೆ ಆ ಆಸರೆ ಸಿಗದು. ಗಡಸು ಉಕ್ಕಿನ ಸರಪಳಿಗೆ ಸಾವಿರಾರು ರೂಪಾಯಿ ಆಗುತ್ತದೆ, ನಿಜ. ಗ್ರೈಂಡರ್ ತಂದವನ ಎದುರು ಅದೂ ಕೊನೆತನಕ ನಿಲ್ಲದು. ಆದರೆ ಗ್ರೈಂಡರಿನ ಸದ್ದಿಗೆ ನಮ್ಮ ಬೀದಿಯ ನಾಯಿಗಳು ಸುಮ್ಮನಿರುವುದಿಲ್ಲ. ಮೂರು ಗಂಟೆಯ ಕಳ್ಳ ಹೆದರುವುದು ಸದ್ದಿಗೆ ಮತ್ತು ಹೊತ್ತಿಗೆ. ಮೇಲೊಂದು ಮಾಸಲು ಟಾರ್ಪಾಲು ಹೊದಿಸಿದರೆ ಒಳಗೆ ಯಾವ ಗಾಡಿ, ಯಾವ ಲಾಕು ಎಂದು ಬೀದಿಯಿಂದ ಕಾಣುವುದಿಲ್ಲ.

ಹಿಂದೆ ಕಾರ್ಬುರೇಟರ್ ಗಾಡಿಗಳಿದ್ದಾಗ ಪೆಟ್ರೋಲ್ ನಾಬ್ ತಿರುಗಿಸಿ ಮಲಗುವ ಅಭ್ಯಾಸ ಎಷ್ಟೋ ಜನರಿಗಿತ್ತು. ಕದ್ದವನು ಸ್ವಲ್ಪ ದೂರ ಹೋಗುವಷ್ಟರಲ್ಲಿ ಎಂಜಿನ್ ಕೆಮ್ಮಿ ನಿಂತುಬಿಡುತ್ತಿತ್ತು. 2020ರ ಏಪ್ರಿಲ್ 1ರಿಂದ ಬಿಎಸ್ 6 ಬಂದ ಮೇಲೆ ಫ್ಯುಯೆಲ್ ಇಂಜೆಕ್ಷನ್ ಸಾಮಾನ್ಯವಾಯಿತು, ಆ ನಾಬೂ ಹೋಯಿತು. ಈಗ ಕೆಲವರು ಗುಟ್ಟಾದ ಸ್ವಿಚ್ ಹಾಕಿಸುತ್ತಾರೆ, ಜಿಪಿಎಸ್ ಅಡಗಿಸಿಡುತ್ತಾರೆ. ಒಳ್ಳೆಯದೇ. ವಾರಂಟಿ ಇರುವ ಗಾಡಿಯ ವೈರನ್ನು ಬೀದಿ ಬದಿಯಲ್ಲಿ ಕತ್ತರಿಸಿಕೊಳ್ಳುವ ಮುಂಚೆ ಮಾತ್ರ ಎರಡು ಸಲ ಯೋಚಿಸಬೇಕು.

ಇನ್ನು, ಆ ಹುಡುಗನ ನಿಜವಾದ ನೋವಿನ ವಿಷಯ. ಗಾಡಿಗೆ ಎರಡೂವರೆ ವರ್ಷ ಆಗಿತ್ತು, ಸಾಲದ ಕಂತು ಇನ್ನೂ ಆರು ತಿಂಗಳಿನದು ಬಾಕಿ. ಗಾಡಿ ಕಳುವಾದರೂ ಕಂತು ನಿಲ್ಲುವುದಿಲ್ಲ. ಆದರೆ ಅವನು ಧೈರ್ಯವಾಗಿಯೇ ಇದ್ದ: ‘ಐದ್ ವರ್ಷದ ಇನ್ಶೂರೆನ್ಸ್ ಐತ್ರೀ’ ಎಂದು ಕಾಗದ ತೋರಿಸಿದ. ಓದಿ ನೋಡಿದಾಗ ನನಗೇ ಬಾಯಿ ಕಟ್ಟಿತು. 2018ರ ಸೆಪ್ಟೆಂಬರ್ 1ರಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ವಿಮೆ ಕಡ್ಡಾಯ. ಆದರೆ ಆ ಐದು ವರ್ಷ ಥರ್ಡ್ ಪಾರ್ಟಿಗೆ ಮಾತ್ರ, ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗಾದ ಹಾನಿಗೆ. ಕಳ್ಳತನದ ನಷ್ಟ ಬರುವುದು ‘ಓನ್ ಡ್ಯಾಮೇಜ್’ ಭಾಗದಲ್ಲಿ. ಅದು ಅವನಿಗೆ ಮೊದಲ ವರ್ಷಕ್ಕಷ್ಟೇ ಇತ್ತು. ಎರಡನೇ ವರ್ಷದಿಂದ ಅದನ್ನು ಬೇರೆಯಾಗಿ ಕೊಳ್ಳಬೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಓದುಗರು ದಯವಿಟ್ಟು ಇವತ್ತೇ ತಮ್ಮ ಪಾಲಿಸಿ ತೆಗೆದು, ಆ ಎರಡು ಭಾಗಗಳು ಮುಗಿಯುವ ದಿನಾಂಕಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಗಾಡಿಯ ಜೊತೆ ಬಂದ ಎರಡನೇ ಕೀ ಎಲ್ಲಿದೆ ಎಂದೂ ಹುಡುಕಬೇಕು; ಪರಿಹಾರ ಕೇಳುವಾಗ ವಿಮಾ ಕಂಪನಿ ಎರಡೂ ಕೀಗಳನ್ನು ಕೇಳುತ್ತದೆ.

ಅವನು ಇನ್ನೊಂದು ತಪ್ಪೂ ಮಾಡಿದ್ದ. ಮೊದಲು ತಾನೇ ಹುಡುಕೋಣ ಎಂದು ಎರಡು ದಿನ ಗಲ್ಲಿಗಲ್ಲಿ, ಗುಜರಿ ಅಂಗಡಿ ಎಲ್ಲ ಅಲೆದು, ಆಮೇಲೆ ಪೊಲೀಸರ ಬಳಿ ಹೋದ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ ದೂರನ್ನು ಎಲೆಕ್ಟ್ರಾನಿಕ್ ರೂಪದಲ್ಲೂ ಕೊಡಬಹುದು, ಮೂರು ದಿನದೊಳಗೆ ಸಹಿ ಹಾಕಿದರೆ ಸಾಕು. ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಕೊಡಲೇಬೇಕು. ಕೂಡಲೇ ಎಫ್‌ಐಆರ್ ಆಗಿದ್ದರೆ, ವಿಮಾ ಕಂಪನಿಗೆ ತಡವಾಗಿ ತಿಳಿಸಿದ್ದೊಂದೇ ಕಾರಣಕ್ಕೆ ಪರಿಹಾರ ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲೇ ಹೇಳಿದೆ. ಹಾಗಾಗಿ ಠಾಣೆ ಮೊದಲು, ಉಳಿದ ಅಲೆದಾಟ ಆಮೇಲೆ.

ಗಾಡಿ ಸಿಗಲಿಲ್ಲ. ಹುಡುಗ ಒಂದೂವರೆ ತಿಂಗಳು ಗೆಳೆಯನ ಗಾಡಿಯನ್ನು ದಿನಬಾಡಿಗೆಗೆ ತೆಗೆದುಕೊಂಡು ದುಡಿದ. ಈಗ ಒಂದು ಹಳೆಯ ಬೈಕ್ ಕೊಂಡಿದ್ದಾನೆ. ಹೂಕುಂಡಗಳು ಮಹಡಿಗೆ ಹೋಗಿವೆ, ವಾಷಿಂಗ್ ಮಷೀನು ಗುಜರಿಗೆ. ಗೇಟಿನ ಬೀಗಕ್ಕೆ ಎರಡನೇ ಕೀ ಮಾಡಿಸಿ ಅವನಿಗೆ ಕೊಟ್ಟಿದ್ದೇನೆ.

ನನ್ನಂಥ ಮನೆ ಮಾಲೀಕರಿಗೆ ಒಂದು ಮಾತು ಹೇಳಲೇಬೇಕು. 30-40 ಸೈಟಿನಲ್ಲಿ ನಾಲ್ಕು ಬಾಡಿಗೆ ಮನೆ ಕಟ್ಟುತ್ತೇವೆ, ಅಡ್ವಾನ್ಸ್ ಎಣಿಸಿಕೊಳ್ಳುತ್ತೇವೆ, ‘ಗಾಡಿ ಹೊರಗೇ ನಿಲ್ಲಿಸಬೇಕು’ ಎಂದು ಮೊದಲ ದಿನವೇ ಹೇಳಿಬಿಡುತ್ತೇವೆ. ಆ ಒಂದು ವಾಕ್ಯದಲ್ಲಿ ಒಬ್ಬನ ಅನ್ನದ ದಾರಿಯನ್ನು ಬೀದಿಗೆ ಹಾಕುತ್ತಿದ್ದೇವೆ ಎಂದು ನನಗೆ ಆ ಬೆಳಗಿನವರೆಗೂ ಹೊಳೆದಿರಲಿಲ್ಲ. ಒಳಗೆ ಜಾಗ ಇಲ್ಲದಿದ್ದರೆ ಕಾಂಪೌಂಡ್ ಗೋಡೆಯ ಪಿಲ್ಲರಿಗೆ ಒಂದು ಕೊಂಡಿ ಹಾಕಿಸಬಹುದು. ಗೇಟಿನ ಮೇಲಿನ ದೀಪವನ್ನು ಬೆಳಗಿನ ತನಕ ಉರಿಸಬಹುದು.

ನಮ್ಮ ಬೀದಿಯಲ್ಲಿ ಇಬ್ಬರು ಅದೇ ಮೇಸ್ತ್ರಿಯನ್ನು ಕರೆಸಿ ಕೊಂಡಿ ಹಾಕಿಸಿಕೊಂಡರು. ಮೂರನೆಯವರು, ಎಂಟು ಬಾಡಿಗೆ ಮನೆಗಳಿರುವವರು, ಹೊಸ ಗ್ರಾನೈಟ್ ನೆಲ ಕೆಡುತ್ತದೆ ಎಂದರು. ಅವರ ಗೇಟಿನಾಚೆ ರಾತ್ರಿ ಒಂಬತ್ತು ಬೈಕ್ ನಿಲ್ಲುತ್ತವೆ. ಈ ಭಾನುವಾರ ಮತ್ತೆ ಅವರ ಮನೆಗೆ ಹೋಗುವವನಿದ್ದೇನೆ, ಮೇಸ್ತ್ರಿಯನ್ನೂ ಕರೆದುಕೊಂಡು.