ಕೋಡಿಂಗ್ ಬಾರದವರೂ ಬನ್ನಿ

ಕಳೆದ ರಮಝಾನಿನಲ್ಲಿ ಅಜ್ಜಿಗೆ ತುರ್ತಾಗಿ ಬಿ ನೆಗೆಟಿವ್ ರಕ್ತ ಬೇಕಾಯಿತು. ನಮ್ಮ ಜಮಾಅತಿನ ವೆಬ್‌ಸೈಟಿನ ರಕ್ತದಾನಿಗಳ ಪಟ್ಟಿಯಲ್ಲಿ 3 ಹೆಸರು ಸಿಕ್ಕವು. ಒಂದು ನಂಬರ್ ಚಾಲ್ತಿಯಲ್ಲಿರಲಿಲ್ಲ. ಇನ್ನೊಬ್ಬರು ಗಲ್ಫಿಗೆ ಹೋಗಿ ವರ್ಷಗಳಾಗಿದ್ದವು. ಮೂರನೆಯವರು ತರಾವೀಹ್ ಮುಗಿಸಿ ನೇರ ಆಸ್ಪತ್ರೆಗೆ ಬಂದರು, ಅಲ್‌ಹಮ್ದುಲಿಲ್ಲಾಹ್.

ಆ ಸೈಟನ್ನು ಈಗ ಹೊಸದಾಗಿ ಕಟ್ಟುತ್ತಿದ್ದೇವೆ. ಸ್ವಯಂಸೇವಕರು ಬೇಕೆಂದರೆ ಎಲ್ಲರೂ ಕಂಪ್ಯೂಟರ್ ಸೈನ್ಸ್‌ನವರ ಕಡೆ ಕೈ ತೋರಿಸುತ್ತಾರೆ. ಕೋಡಿಂಗಿಗೆ ಇಬ್ಬರು ಸಾಕು. ಉಳಿದದ್ದು ಫೋನ್ ಮಾಡಿ ಕೇಳುವ ಕೆಲಸ: ಊರಲ್ಲಿದ್ದೀರಾ, ಹೆಸರು ಹಾಕಲು ಒಪ್ಪಿಗೆಯೇ, ಕೊನೆಗೆ ರಕ್ತ ಕೊಟ್ಟದ್ದು ಯಾವಾಗ? (ಗಂಡಸರಿಗೆ 3, ಹೆಂಗಸರಿಗೆ 4 ತಿಂಗಳ ಅಂತರ ಬೇಕು.) 18 ತುಂಬದ ನಾವು ರಕ್ತ ಕೊಡುವಂತಿಲ್ಲ, ಫೋನಂತೂ ಮಾಡಬಹುದು.

ಆರ್ಟ್ಸ್, ಕಾಮರ್ಸ್‌ನವರೇ, ಶನಿವಾರ ಕ್ಲಾಸ್ ಬಿಟ್ಟ ಮೇಲೆ ಲೈಬ್ರರಿಗೆ ಬನ್ನಿ. ಪಟ್ಟಿಯಲ್ಲಿ 140 ಹೆಸರುಗಳಿವೆ; ನಾನು ಮುಗಿಸಿದ್ದು 11.