ಬಿದ್ದ ಹಕ್ಕಿಗೆ ನಾವು ಮಾಡಬೇಕಾದ ಉಪಕಾರ

ನಮ್ಮ ಹಿರಿಯರು ಕೆರೆಗಳನ್ನು ಕಟ್ಟಿಸಿದ್ದು ಹೊಲಗದ್ದೆಗಳಿಗೆ ನೀರು ಹಾಯಿಸುವ ಉದ್ದೇಶದಿಂದ. ಆದರೆ ನೀರು ನಿಂತಲ್ಲಿ ಮೀನು, ಮೀನಿದ್ದಲ್ಲಿ ಹಕ್ಕಿ ಎಂಬಂತೆ ಆ ಕೆರೆಗಳು ಕಾಲಾಂತರದಲ್ಲಿ ಅಸಂಖ್ಯ ಪಕ್ಷಿಗಳಿಗೂ ಆಶ್ರಯವಾದವು. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆಯೇ ಇದಕ್ಕೆ ಸಾಕ್ಷಿ. ಸುಮಾರು 244 ಎಕರೆ ವಿಸ್ತಾರದ ಈ ಹಳ್ಳಿಯ ಕೆರೆಯನ್ನು ಸರ್ಕಾರವು 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಸಾರಿತು. 2024ರ ಜನವರಿಯಲ್ಲಿ ಇದು ಗದಗ ಜಿಲ್ಲೆಯ ಮಾಗಡಿ ಕೆರೆ ಮತ್ತು ಉತ್ತರ ಕನ್ನಡದ ಅಘನಾಶಿನಿ ಅಳಿವೆಗಳ ಜೊತೆಯಲ್ಲಿ, ಜಗತ್ತಿನ ಮಹತ್ವದ ಜೌಗು ನೆಲೆಗಳ ರಾಮ್ಸಾರ್ ಪಟ್ಟಿಗೆ ಸೇರಿತು. 240 ಬಗೆಯ ಪಕ್ಷಿಗಳನ್ನು ಇಲ್ಲಿ ಗುರುತಿಸಲಾಗಿದೆ. 30 ಸಾವಿರಕ್ಕೂ ಹೆಚ್ಚು ನೀರುಹಕ್ಕಿಗಳು ಇಲ್ಲಿ ಗೂಡು ಕಟ್ಟುವುದಕ್ಕೂ ರಾತ್ರಿ ತಂಗುವುದಕ್ಕೂ ಬರುತ್ತವೆ. ಬಣ್ಣದ ಕೊಕ್ಕರೆ, ಬಿಳಿ ಕೆಂಬರಲುಗಳಿಗಂತೂ ಇದು ತವರುಮನೆಯೇ ಆಗಿದೆ.

ಇಷ್ಟೊಂದು ಹಕ್ಕಿಗಳಿರುವ ಸೀಮೆಯಲ್ಲಿ ಕೆಲವು ನೆಲಕ್ಕೆ ಬೀಳುವುದೂ ಸಹಜ. ಗಾಳಿಗೆ ಕೊಂಬೆ ತೂಗಾಡಿ ಗೂಡಿನ ಮರಿ ಜಾರುತ್ತದೆ. ಹಾರುವಾಗ ವಿದ್ಯುತ್ ತಂತಿಗೆ ತಗುಲಿ ರೆಕ್ಕೆ ಮುರಿಯುತ್ತದೆ. ಗಾಳಿಪಟದ ನೈಲಾನ್ ದಾರ ಮರದಲ್ಲಿ ಸಿಕ್ಕಿಕೊಂಡು ತಿಂಗಳುಗಟ್ಟಲೆ ಹಕ್ಕಿಗಳ ರೆಕ್ಕೆ ಕೊಯ್ಯುತ್ತದೆ. ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿಗಳ ಬೇಸಿಗೆಯ ಬಿಸಿಲಂತೂ ನಮಗೆಲ್ಲ ತಿಳಿದದ್ದೇ. ನೀರು ಕಾಣದ ಹಕ್ಕಿ ಮಧ್ಯಾಹ್ನದ ಹೊತ್ತಿಗೆ ಅಂಗಳದಲ್ಲೇ ಕುಸಿದು ಬೀಳುತ್ತದೆ. ಹಾಗೆ ಬಿದ್ದ ಜೀವವನ್ನು ಕಂಡು ಮರುಗದ ಮನೆ ನಮ್ಮಲ್ಲಿ ವಿರಳ. ತಾಯಂದಿರು ಹಾಲು ತರುತ್ತಾರೆ, ಮಕ್ಕಳು ಅನ್ನ ತರುತ್ತಾರೆ, ಮನೆಯ ಯಜಮಾನರು ಪಂಜರ ಹುಡುಕುತ್ತಾರೆ. ಬಹಳ ಸಲ ಆ ಹಕ್ಕಿ ಮರುದಿನ ಬೆಳಗಿನೊಳಗೆ ಸತ್ತಿರುತ್ತದೆ. ಮರುಕವಿದ್ದೂ ಜೀವ ಉಳಿಯದ ಕಾರಣವನ್ನು ಅರಿಯುವುದು ಅವಶ್ಯಕ.

ಹಕ್ಕಿಯ ದೇಹದ ರಚನೆ ನಮ್ಮದರಂತಲ್ಲ. ಅದರ ನಾಲಗೆಯ ಬುಡದಲ್ಲಿಯೇ ಶ್ವಾಸನಾಳದ ಬಾಯಿ ತೆರೆದಿರುತ್ತದೆ. ನಿಶ್ಶಕ್ತವಾದ ಹಕ್ಕಿಯ ಕೊಕ್ಕು ತೆರೆದು ನೀರು ಸುರಿದರೆ ಅದು ಶ್ವಾಸಕೋಶಕ್ಕೆ ಇಳಿದು ಉಸಿರನ್ನೇ ಕಟ್ಟಬಹುದು. ಹಾಲು ಹಕ್ಕಿಗೆ ಜೀರ್ಣವಾಗುವ ಆಹಾರವಲ್ಲ. ಮೀನು ತಿನ್ನುವ ಕೊಕ್ಕರೆಗೆ ಅನ್ನದಿಂದ ಪ್ರಯೋಜನವಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಕಾಡುಹಕ್ಕಿಯ ಕಣ್ಣಿಗೆ ಮನುಷ್ಯನು ಬೇಟೆಗಾರನೇ. ನಾವು ತಲೆ ಸವರಿದರೆ, ನೆರೆಹೊರೆಯವರೆಲ್ಲ ಬಂದು ಇಣುಕಿದರೆ ಅದು ಸಮಾಧಾನಗೊಳ್ಳದೆ ಭಯದಿಂದಲೇ ಕುಗ್ಗುತ್ತದೆ. ಅದು ಮಿಸುಕದೆ ಕುಳಿತಿರುವುದು ನಂಬಿಕೆಯಿಂದಲ್ಲ, ಹೆದರಿಕೆಯಿಂದ.

ಆದುದರಿಂದ ಮೊದಲು ಮಾಡತಕ್ಕದ್ದು ನಿಂತು ನೋಡುವುದು. ಮೈತುಂಬ ಪುಕ್ಕ ಬಂದು, ಬಾಲ ಮಾತ್ರ ಮೋಟಾಗಿ, ಕುಪ್ಪಳಿಸುತ್ತಿರುವ ಮರಿಯು ಗಾಯಗೊಂಡದ್ದಲ್ಲ, ಹಾರಾಟ ಕಲಿಯುತ್ತಿರುವುದು. ತಂದೆತಾಯಿ ಹಕ್ಕಿಗಳು ಸಮೀಪದಲ್ಲಿಯೇ ಇರುತ್ತವೆ. ಬೆಕ್ಕು ನಾಯಿಗಳ ಭಯವಿದ್ದರೆ ಅದನ್ನು ಹತ್ತಿರದ ಪೊದೆಯ ಮೇಲೆ ಕೂರಿಸಿ ದೂರ ಸರಿದರೆ ಸಾಕು. ಪುಕ್ಕ ಬಾರದ ಎಳೆಮರಿಯಾದರೆ, ಗೂಡು ಕೈಗೆಟುಕುವಂತಿದ್ದಲ್ಲಿ ಮರಳಿ ಗೂಡಿನಲ್ಲಿಡಬೇಕು. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲವೆಂಬ ಮಾತು ಬಹಳ ಕಡೆ ಕೇಳಿಬರುತ್ತದೆ, ಅದು ನಿಜವಲ್ಲ.

ರಕ್ತ ಒಸರುತ್ತಿದ್ದರೆ, ರೆಕ್ಕೆ ಜೋತುಬಿದ್ದಿದ್ದರೆ, ನಿಲ್ಲಲಾರದೆ ಒರಗಿದ್ದರೆ, ಬೆಕ್ಕು ಕಚ್ಚಿದ್ದರೆ ಮಾತ್ರ ಹಕ್ಕಿಯನ್ನು ಎತ್ತಿಕೊಳ್ಳಬೇಕು. ಹಿಂದಿನಿಂದ ಮೆಲ್ಲನೆ ಬಂದು, ಒಂದು ಟವೆಲನ್ನು ತಲೆ ಸಹಿತ ಮೈಮೇಲೆ ಹೊದಿಸಿ, ರೆಕ್ಕೆಗಳು ಮೈಗೆ ಅಂಟಿಕೊಂಡಿರುವಂತೆ ಹಿಡಿಯಬೇಕು. ಎದೆಯನ್ನು ಒತ್ತಬಾರದು. ಕೊಕ್ಕರೆ, ಬಕಗಳು ಗಾಬರಿಯಲ್ಲಿ ಕಣ್ಣಿಗೇ ಕುಕ್ಕುವುದರಿಂದ ಅವನ್ನು ಮುಖದಿಂದ ದೂರವಿರಿಸಬೇಕು. ಹದ್ದು, ಗೂಬೆಗಳ ಕಾಲಿನ ಉಗುರುಗಳ ವಿಷಯದಲ್ಲಿ ಎಚ್ಚರ ಬೇಕು. ಯಾವ ಹಕ್ಕಿಯ ಕೊಕ್ಕನ್ನೂ ದಾರದಿಂದ ಬಿಗಿಯಬಾರದು. ನೀರುಕಾಗೆಯಂಥವು ಬಾಯಿಯಿಂದಲೇ ಉಸಿರಾಡುತ್ತವೆ. ಬಳಿಕ ಗಾಳಿಗೆ ರಂಧ್ರ ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಹಳೆಯ ಬಟ್ಟೆ ಹಾಸಿ, ಹಕ್ಕಿಯನ್ನು ಇರಿಸಿ, ಮುಚ್ಚಿ, ಮನೆಯ ನೆರಳಿನ, ಸದ್ದಿಲ್ಲದ ಮೂಲೆಯಲ್ಲಿ ಇಡುವುದು. ತಂತಿಯ ಪಂಜರ ಬೇಡ. ಒದ್ದಾಡಿದಾಗ ರೆಕ್ಕೆಯ ಗರಿಗಳು ಮುರಿಯುತ್ತವೆ. ದಾರ ಸುತ್ತಿಕೊಂಡಿದ್ದರೆ ಎಳೆಯದೆ, ಎರಡು ಬದಿಗೂ ಕತ್ತರಿಸಿ, ಮೈಗೆ ಅಂಟಿದ ದಾರದ ಸಹಿತವೇ ವೈದ್ಯರ ಬಳಿಗೆ ಒಯ್ಯಬೇಕು. ತಂತಿಯ ಮೇಲೆ ಸಿಕ್ಕಿಕೊಂಡ ಹಕ್ಕಿಗಾಗಿ ಕೋಲು ಎತ್ತುವುದು ಪ್ರಾಣಾಪಾಯದ ಕೆಲಸ, ಲೈನ್‌ಮನ್‌ಗೆ ತಿಳಿಸತಕ್ಕದ್ದು. ಬಿಸಿಲಿಗೆ ಬಳಲಿದ ಹಕ್ಕಿ ಎದ್ದು ಕುಳಿತಿದ್ದರೆ, ಆಳವಿಲ್ಲದ ತಟ್ಟೆಯಲ್ಲಿ ನೀರು ಇಟ್ಟರೆ ಸಾಕು. ಬೇಕಾದರೆ ತಾನೇ ಕುಡಿಯುತ್ತದೆ. ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯಬೇಕು. ಒಂದೇ ಕಡೆ ಅನೇಕ ಹಕ್ಕಿಗಳು ಸತ್ತುಬಿದ್ದಿದ್ದರೆ ಮುಟ್ಟದೆ ಪಶುವೈದ್ಯ ಇಲಾಖೆಗೆ ತಿಳಿಸಬೇಕು.

ಇಷ್ಟಾದ ಮೇಲೆ ತಡಮಾಡುವಂತಿಲ್ಲ. ಹಕ್ಕಿಯ ಎಲುಬು ಹಗುರವಾದದ್ದು. ಮುರಿದರೆ ಕೆಲವೇ ವಾರಗಳಲ್ಲಿ ಕೂಡಿಕೊಳ್ಳುತ್ತದೆ. ಆದರೆ ಸೊಟ್ಟಗೆ ಕೂಡಿಕೊಂಡ ರೆಕ್ಕೆ ಮತ್ತೆ ಹಾರಲಾರದು. ಆದುದರಿಂದ ಅಂದೇ ಸಮೀಪದ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ತಿಳಿಸಬೇಕು. ಅರಣ್ಯ ಇಲಾಖೆಯ ಸಹಾಯವಾಣಿ 1926. ತಾಲ್ಲೂಕಿನ ಪಶುವೈದ್ಯರು ರಕ್ತ ನಿಲ್ಲಿಸಿ ಪ್ರಥಮ ಚಿಕಿತ್ಸೆ ನೀಡಬಲ್ಲರು. ಮುಂದೆ ಎಲ್ಲಿಗೆ ಕಳುಹಿಸಬೇಕೆಂಬುದನ್ನು ಅರಣ್ಯ ಇಲಾಖೆಯವರು ನಿರ್ಧರಿಸುತ್ತಾರೆ. ಬೆಂಗಳೂರಿನ ಕೆಂಗೇರಿಯಲ್ಲಿ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯ ವನ್ಯಜೀವಿ ಆಸ್ಪತ್ರೆ 1996ರಿಂದ ಇಂಥ ಸೇವೆ ಮಾಡುತ್ತಿದೆ. ಅಂಥ ಪುನರ್ವಸತಿ ಕೇಂದ್ರಗಳಲ್ಲಿ ಗಾಯ ಮಾಗಿಸುವುದರ ಜೊತೆಗೆ, ವಿಶಾಲವಾದ ಆವರಣದಲ್ಲಿ ಹಾರಿಸಿ ನೋಡಿ, ತನ್ನ ಆಹಾರವನ್ನು ತಾನೇ ಹುಡುಕಬಲ್ಲದೆಂದು ಖಚಿತವಾದ ಮೇಲಷ್ಟೇ ಹಕ್ಕಿಯನ್ನು ಬಿಡುತ್ತಾರೆ.

ಇಲ್ಲಿಯೇ ಮನಸ್ಸಿಗೆ ಕಷ್ಟವಾಗುವ ಮಾತೊಂದಿದೆ. ನಾಲ್ಕು ದಿನ ಇಟ್ಟುಕೊಂಡ ಗಿಳಿಮರಿಯನ್ನು ಬಿಟ್ಟುಕೊಡಲು ಮಕ್ಕಳು ಒಪ್ಪುವುದಿಲ್ಲ. ಅವರ ಕಣ್ಣೀರು ಕಂಡು ಹಿರಿಯರೂ ಕರಗುತ್ತಾರೆ. ಆದರೆ ಮನುಷ್ಯರ ಕೈತುತ್ತಿನಲ್ಲಿ ಬೆಳೆದ ಮರಿ ಮನುಷ್ಯರನ್ನೇ ತನ್ನ ಬಳಗವೆಂದು ಎಣಿಸುತ್ತದೆ. ಬೆಕ್ಕಿಗೆ ಹೆದರುವುದನ್ನು, ಕಾಳು ಹುಡುಕುವುದನ್ನು, ತನ್ನವರ ಕೂಗಿಗೆ ಓಗೊಡುವುದನ್ನು ಅದು ಕಲಿಯುವುದೇ ಇಲ್ಲ. ಮುಂದೆ ಬಿಟ್ಟರೂ ಬದುಕದು. ಕಾನೂನು ಸಹ ಇದನ್ನೇ ಹೇಳುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇಂಥ ಜೀವಿ ಕೈಗೆ ಬಂದವರು 48 ಗಂಟೆಗಳೊಳಗೆ ಪೊಲೀಸ್ ಠಾಣೆಗೆ ಇಲ್ಲವೆ ಅಧಿಕೃತ ಅಧಿಕಾರಿಗೆ ವರದಿ ಮಾಡಬೇಕು. ಗಿಳಿಯನ್ನು ಪಂಜರದಲ್ಲಿಟ್ಟು ಸಾಕುವುದೂ ಅಪರಾಧವೇ. ದಯೆಯಿಂದ ಎತ್ತಿಕೊಂಡದ್ದನ್ನು ಮಮತೆಯಿಂದ ಇಟ್ಟುಕೊಂಡರೆ, ದಯೆಯು ಅಲ್ಲಿಗೇ ನಿಂತು ಸ್ವಾರ್ಥ ಮೊದಲಾಗುತ್ತದೆ.

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನವರ ನಡೆಯನ್ನು ಇಲ್ಲಿ ನೆನೆಯಬೇಕು. ಆ ಊರಿನ ಹುಣಿಸೆ ಮರಗಳಲ್ಲಿ ಗೂಡು ಕಟ್ಟುವ ಹೆಜ್ಜಾರ್ಲೆಗಳ ಮರಿಗಳು ಕೆಳಗೆ ಬಿದ್ದು ಸಾಯುತ್ತಿದ್ದವು. 1994ರಲ್ಲಿ ಊರಿನ ಯುವಕರು ಮೈಸೂರಿನ ನಿಸರ್ಗಪ್ರಿಯರ ನೆರವಿನಿಂದ ಹೆಜ್ಜಾರ್ಲೆ ಬಳಗವನ್ನು ಕಟ್ಟಿಕೊಂಡರು. ಬಿದ್ದ ಮರಿಗಳನ್ನು ಆವರಣವೊಂದರಲ್ಲಿರಿಸಿ, ಮೀನು ಹಾಕಿ ಬೆಳೆಸಿ, ರೆಕ್ಕೆ ಬಲಿತೊಡನೆ ಬಿಟ್ಟುಬಿಟ್ಟರು. ಮರಿಗಳು ಯಾರ ಮನೆಯ ಸೊತ್ತೂ ಆಗಲಿಲ್ಲ. ಇಡೀ ಊರಿನ ಹೊಣೆಯಾದವು. ಹಕ್ಕಿಗಳಿಂದ ಹುಣಿಸೆಯ ಫಸಲಿಗೆ ನಷ್ಟವಾಗುತ್ತಿದ್ದರೂ ಮರ ಕಡಿಯದೆ ಉಳಿಸಿಕೊಂಡ ಜನ ಅವರು.

ನಮ್ಮ ಐದು ತಾಲ್ಲೂಕುಗಳಲ್ಲಿಯೂ ಇಂಥ ಮನೋಭಾವ ಬೆಳೆಯಬೇಕಾಗಿದೆ. ಮನೆಯೊಳಗೆ ದಾರಿತಪ್ಪಿ ಬಂದ ಗೂಬೆಯನ್ನು ಅಪಶಕುನವೆಂದು ಬಡಿಯುವುದು ಈಗಲೂ ಉಂಟು. ಕಣಜದ ಕಾಳು ಕದಿಯುವ ಇಲಿಯನ್ನು ರಾತ್ರಿಯೆಲ್ಲ ಹಿಡಿಯುವ ಹಕ್ಕಿ ಅದೆಂಬುದನ್ನು ಒಕ್ಕಲುಮಕ್ಕಳು ಮರೆಯಬಾರದು. ಹೂವಿನಹಡಗಲಿಯ ಹೊಳೆದಂಡೆಯ ಊರಾಗಲಿ, ಕೂಡ್ಲಿಗಿಯ ಗುಡ್ಡದಡಿಯ ಊರಾಗಲಿ, ಮಕ್ಕಳು ಬಿಸಾಡಿದ ಗಾಳಿಪಟದ ದಾರವನ್ನು ಮರದಿಂದ ಬಿಡಿಸುವುದು, ಬೇಸಿಗೆಯಲ್ಲಿ ಅಂಗಳದಲ್ಲಿ ನೀರಿನ ಮಡಕೆಚಿಪ್ಪನ್ನಿಟ್ಟು ದಿನವೂ ತೊಳೆದು ತುಂಬುವುದು ಕಾಸು ಖರ್ಚಿಲ್ಲದ ಕೆಲಸಗಳು.

ಎಲ್ಲ ಪ್ರಯತ್ನದ ನಂತರವೂ ಕೆಲವು ಹಕ್ಕಿಗಳು ಉಳಿಯುವುದಿಲ್ಲ. ಅದಕ್ಕಾಗಿ ಮಕ್ಕಳು ಅತ್ತರೆ, ಕತ್ತಲೆಯ ಪೆಟ್ಟಿಗೆಯಲ್ಲಿ ಅದು ಹೆದರಿಕೆಯಿಲ್ಲದೆ ಮಲಗಲೆಂದು ನಾವು ಮಾಡಿದ್ದು ವ್ಯರ್ಥವಲ್ಲವೆಂದು ಹೇಳಿ ಸಮಾಧಾನಪಡಿಸಬೇಕು. ಉಳಿದ ಹಕ್ಕಿ ಮಾತ್ರ ನಮ್ಮನ್ನು ನೆನೆಯದೆ, ಹಿಂದಿರುಗಿ ನೋಡದೆ ಹಾರಿಹೋಗುತ್ತದೆ. ಹಾಗೆ ಹಾರಿಹೋದರೇನೇ ನಮ್ಮ ಉಪಕಾರ ಪೂರ್ಣವಾಯಿತೆಂದು ತಿಳಿಯಬೇಕು. ಓದುಗರು ಇಂದೇ ಗೋಡೆಯ ಪಂಚಾಂಗದ ಮೇಲೆ 1926 ಎಂಬ ಸಂಖ್ಯೆಯನ್ನು ಬರೆದಿಡಲಿ. ಮಳೆಗಾಲದ ಗಾಳಿ ಬೀಸುವ ಮುನ್ನ ಒಂದು ಹಳೆಯ ರಟ್ಟಿನ ಪೆಟ್ಟಿಗೆಯನ್ನೂ ತೆಗೆದಿರಿಸಲಿ.